ಹೆಸರು ಹೇಳಬಾರದ ಗಿಡ

ಗಿಡ ಹುಡುಕೋ ಸಾಹೇಬರ ಕೈಕೆಳಗ ನೌಕರಿ ಮಾಡತಿದ್ದಾಗಿನ ಮಾತು. ಮಸಗುಪ್ಪಿಯ ಹೊಲದ ಬದುವಿನ್ಯಾಗ ಸೇವಂತಿ ಜಾತಿಯ ಒಂದು ಸಣ್ಣ ಹಳದಿ ಹೂವು ಕಂಡು ಸಾಹೇಬರು ಕುಣಿದಾಡಿಬಿಟ್ಟರು. ಪರದೇಶದ ಆ ಗಿಡ ನಮ್ಮ ದೇಶದಾಗ ಯಾವ ಪಂಡಿತರ ಕಣ್ಣಿಗೂ ಬಿದ್ದಿರಲಿಲ್ಲಂತ. ಊರಾಗ ಇದಕ್ಕೇನಂತಾರ ಕೇಳಿ ಬಾ ಅಂತ ನನ್ನನ್ನ ಅಟ್ಟಿದರು.

ಹೊಲದಾಗ ಕಳೆ-ಕಸ ತಗಿಯಾಕತ್ತಿದ್ದ ಹೆಣ್ಣಮಗಳಿಗೆ ಗಿಡ ತೋರಿಸಿ ಕೇಳಿದೆ. ಆಕಿ ಬಾಯಿಗೆ ಸೆರಗು ಹಿಡಿದು, "ಇದರ ಹೆಸರು ನಾ ಹೇಳಬಾರದ್ರಿ" ಅಂದಳು. ವಿಷದ್ದಿರಬೇಕಂತ ಹೆದರಿ ಕೈಯಾಗಿನ ಗಿಡ ಒಗದುಬಿಟ್ಟೆ.

ಬಾಜೂಕಿದ್ದ ಮುದುಕಿ ನಕ್ಕಳು. "ವಿಷ ಅಲ್ಲೋ ತಮ್ಮಾ, ಅದರಾಗ ಆಕಿ ಗಂಡನ ಹೆಸರೈತಿ. ಆಂವ ಸಂಕೇಶ್ವರದ ಸಂತ್ಯಾಗಿಂದ ತಂದ ಕುಸುಬಿ ಬೀಜದ ಜೋಡಿ ಈ ಪೀಡಾ ಬಂತು. ಗಂಡನ ಹೆಸರು ಪ್ರಾಸ ಕಟ್ಟಿ ಒಡಪಿನ್ಯಾಗ ಹೇಳಿದರ ತಪ್ಪಿಲ್ಲ, ಒಡಪು ಹಾಕಿ ಹೇಳವಾ!"

ಆಕಿ ನಾಚಿಕೊಂತ ಹೇಳಿದಳು: "ಬೆಳ್ಳಿ ತಾಟಿನ್ಯಾಗ ಮಾವಿನ ರಸ, ಊರ ಹೊಲದಾಗೆಲ್ಲಾ ಕಲ್ಲಪ್ಪನವರ ಕಸ!"

ಅಷ್ಟರಾಗ ಕಲ್ಲಪ್ಪನೇ ಬಂದು ಕೈಮುಗಿದ. "ಆ ಹೆಸರೊಂದು ತಗಸಿ ಪುಣ್ಯಾ ಕಟಗೋರಿ."

ಅತ್ತ ಸಾಹೇಬರು, ಮೊದಲು ಕಂಡವರಂತ ಪುಸ್ತಕದಾಗ ಈ ಗಿಡದ ಜೋಡಿ ತಮ್ಮ ಹೆಸರು ಬರತೈತಂತ ಹಿಗ್ಗಿ ಹೀರೇಕಾಯಿ ಆಗಿದ್ದರು.

"ಚಿಂತಿ ಬಿಡ್ರಿ," ಅಂದೆ. "ಇನ್ನಮ್ಯಾಲೆ ಇದು ಸಾಹೇಬರ ಕಸ. ನಿಮ್ಮ ಮನಿಯವರೂ ಬಾಯಿ ತುಂಬ ಹೇಳಬಹುದು."

ಸಾಹೇಬರಿಗೆ ಕನ್ನಡ ಬರತಿರಲಿಲ್ಲ, ನನ್ನ ನೌಕರಿ ಉಳೀತು.