ಬ್ರೇಕ್ ಅಕ್ಕನ ದುಬಾರಿ ತೆರಿಗೆ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವನು ಎದುರಿನ ಬಸ್ಸಿಗೆ ಗುದ್ದಲು ಹೊರಟಾಗ ಅದನ್ನು ಒತ್ತುವುದರಲ್ಲೇ, ಅಲ್ಲಿ ಕಲಿಸುತ್ತಿದ್ದ ಆಕೆಯ ಅರ್ಧ ಆಯುಷ್ಯ ಕಳೆದಿತ್ತು. ಹಾಗಾಗಿ ಊರಿಗೆಲ್ಲ ಆಕೆ ಬ್ರೇಕ್ ಅಕ್ಕ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರನ್ನು ಮುಂದಿನ ತಿರುವಿನಲ್ಲೇ ಇಳಿಸಿ, ನಡೆದುಕೊಂಡು ಹೋಗಿ ಅಂದವಳು. ಕೋಪ ಸದಾ ಮೂಗಿನ ತುದಿಯಲ್ಲಿ.

ಅಪ್ಪನಿಗೆ ಈ ಸ್ವಭಾವ ಗೊತ್ತಿತ್ತು. ಮುಖ್ಯರಸ್ತೆಯ ಸಾಲು ಅಂಗಡಿಗಳನ್ನು ಕುಟುಂಬದ ಟ್ರಸ್ಟಿಗೆ ಬರೆದು, ಅದರ ಹೊಣೆಯನ್ನು ಮಗನಿಗೆ ಕೊಡದೆ ಮಗಳ ತಲೆಗೆ ಕಟ್ಟಿ ಹೋದರು. ಬಾಡಿಗೆಯಲ್ಲಿ ಯಾರಿಗೆಷ್ಟು ಎಂದು ಬರೆಯಲಿಲ್ಲ. ಮಗ, ಮೊಮ್ಮಗ, ಮೊಮ್ಮಗಳು, ಈ ಮೂವರಲ್ಲಿ ಆ ವರ್ಷ ಯಾರಿಗೆ ಅಗತ್ಯವೋ ಅವರಿಗೆ ಅವಳೇ ನೋಡಿ ಕೊಡಲಿ ಎಂದರು. ಬೇಕೆನಿಸಿದರೆ ಒಂದೇ ಸಲ, ಶಾಶ್ವತವಾಗಿ, ಪಾಲು ಗೊತ್ತುಮಾಡಿಬಿಡುವ ಅಧಿಕಾರವೂ ಅವಳದೇ. ಅವಳಿಗೆ ಮಾತ್ರ ಅದರಲ್ಲಿ ಬಿಡಿಗಾಸೂ ಇಲ್ಲ.

ಇಂಥ ಟ್ರಸ್ಟ್ ಕಂಡರೆ ತೆರಿಗೆಯವರಿಗೆ ಯಾವಾಗಲೂ ಅನುಮಾನ. ಪಾಲು ಗೊತ್ತಾಗಿದ್ದರೆ ಅವರವರ ಪಾಲಿಗೆ ಅವರವರ ದರ. ಆದಾಯ ಕಡಿಮೆ ಇದ್ದವರಿಗೆ ತೆರಿಗೆಯೂ ಕಡಿಮೆ. ಪಾಲು ಗೊತ್ತಿಲ್ಲ, ಟ್ರಸ್ಟಿಯ ಮರ್ಜಿ ಅಂದರೆ ಮುಗಿಯಿತು, ಮೊದಲ ಕಾಸಿನಿಂದಲೇ ಅತಿ ಹೆಚ್ಚಿನ ದರ. ಕೋಟ್ಯಧೀಶನಿಗೆ ಬೀಳುವ ಬರೆಯೇ ಈ ನಾಲ್ಕು ಅಂಗಡಿಗಳ ಬಾಡಿಗೆಗೂ ಬೀಳುತ್ತದೆ. ಇದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಪ್ರತಿ ವರ್ಷ ಕಟ್ಟುತ್ತಿದ್ದಳು.

ತಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯನ್ನೂ ತೂಗಿ ಮಾರುವ ಮನುಷ್ಯ. "ದುಡ್ಡನ್ನ ಚರಂಡಿಗೆ ಸುರೀತಿದ್ದೀಯಲ್ಲಕ್ಕ. ಅರ್ಧ ನನಗೆ, ಅರ್ಧ ನನ್ನ ಮಗನಿಗೆ ಅಂತ ಪಾಲು ಬರೆದುಬಿಡು, ತೆರಿಗೆ ಇಳಿಯುತ್ತೆ" ಎಂದು ಬೆನ್ನು ಹತ್ತಿದ್ದ.

ಅವನಿಗೆ ಮಗಳೂ ಇದ್ದಳು. ಗಂಡ ಕೈಮಾಡಿದನೆಂದು ಮನೆ ಬಿಟ್ಟು ಬಂದವಳಿಗೆ ಅಪ್ಪ ಬಾಗಿಲಲ್ಲೇ ನಿಂತು, "ಹೊಂದ್ಕೊಂಡು ಹೋಗು" ಎಂದಿದ್ದ. ಅವಳು ಹೋಗಿದ್ದು ಸೋದರತ್ತೆ ಬ್ರೇಕ್ ಅಕ್ಕನ ಮನೆಯ ಮಹಡಿಗೆ. ಈಗ ಫಿಸಿಯೋಥೆರಪಿ ಓದುತ್ತಿದ್ದಳು, ಫೀಸು ಟ್ರಸ್ಟಿನಿಂದ. ತಮ್ಮ ಹೇಳಿದಂತೆ ಪಾಲು ಗೊತ್ತಾದರೆ ಆ ಓದು ಅಲ್ಲಿಗೇ ನಿಂತಂತೆ. ತೆರಿಗೆ ಎಂದು ತಮ್ಮ ಹಲ್ಲು ಕಡಿಯುತ್ತಿದ್ದುದು ಅರ್ಧ ಇದಕ್ಕೇ. ಫೀಸು ನಿಂತರೆ ಹುಡುಗಿ ಗಂಡನ ಮನೆಯ ದಾರಿ ಹಿಡಿಯುತ್ತಾಳೆಂಬ ಲೆಕ್ಕಾಚಾರ! ಅಕ್ಕನಿಗೆ ಟ್ರಸ್ಟಿನಲ್ಲಿ ತನಗಿದ್ದ ಮರ್ಜಿಯೂ ತನ್ನ ಕಾರಿನ ಎರಡನೇ ಬ್ರೇಕಿನಂತೆ ಕಂಡಿತ್ತು. ಅದಕ್ಕೆ ಕೊಡುವ ಬೆಲೆ ತೆರಿಗೆಯಾದರೆ ಆಗಲಿ ಎಂದುಕೊಂಡಿದ್ದಳು.

ಕೊನೆಗೆ ತಮ್ಮ ಅಕ್ಕನನ್ನೂ ಮಗಳನ್ನೂ ಆಡಿಟರ್ ಆಫೀಸಿಗೆ ಕರೆಸಿದ. ಕಿರಿದಾದ ಕೋಣೆ, ಗೋಡೆಯುದ್ದಕ್ಕೂ ಫೈಲು, ಕಟಕಟ ಎನ್ನುವ ಫ್ಯಾನು. ಮೆಟ್ಟಿಲು ಹತ್ತುವಾಗಲೇ ಹುಡುಗಿ ಅತ್ತೆಯ ಕೈ ಹಿಡಿದಿದ್ದಳು. "ನನ್ನಿಂದ ನಿಮಗ್ಯಾಕೆ ಜಗಳ? ಬರೆದುಕೊಟ್ಟುಬಿಡಿ. ನಾನು ಕೋರ್ಸ್ ಬಿಟ್ಟು ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ."

"ಬಾಯ್ಮುಚ್ಕೊಂಡು ಬಾ" ಎಂದಳು ಅಕ್ಕ. ಬಾಯಲ್ಲಿ ಬಂದದ್ದು ಗದರಿಕೆ, ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

ತಮ್ಮ ಹೆಚ್ಚು ಸುತ್ತಿಬಳಸಲಿಲ್ಲ. "ಸಾರ್, ನನಗೆ ಯಾರ ಮೇಲೂ ದ್ವೇಷ ಇಲ್ಲ. ತೆರಿಗೆ ಉಳೀಬೇಕು, ಅಷ್ಟೇ."

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ. ನನ್ನ ಮಾತಿಗೆ ಎರಡಿಲ್ಲ."

ಅಕ್ಕ ಆಡಿಟರ್ ಕಡೆ ತಿರುಗಿದಳು. "ಸಾರ್, ನನಗೂ ಸಾಕಾಗಿದೆ. ಪಾಲು ಗೊತ್ತುಮಾಡಿಬಿಡ್ತೀನಿ. ಇವನಿಗೂ ಇವನ ಮಗನಿಗೂ ಬರೆದ್ರೆ ಎಷ್ಟು ಉಳಿಯುತ್ತೆ?"

ಆಡಿಟರ್ ಕ್ಯಾಲ್ಕುಲೇಟರ್ ಒತ್ತಿದರು. "ಸ್ವಲ್ಪ ಉಳಿಯುತ್ತಮ್ಮ. ಇಬ್ಬರಿಗೂ ವ್ಯಾಪಾರದ ಆದಾಯ ಮೊದಲೇ ಇದೆ ನೋಡಿ, ಇದು ಅದರ ಮೇಲೆ ಕೂರುತ್ತೆ."

"ತೆರಿಗೆ ಅತೀ ಕಡಿಮೆ ಆಗಬೇಕಾದ್ರೆ ಯಾರಿಗೆ ಬರೀಬೇಕು?"

ಆಡಿಟರ್ ಕನ್ನಡಕ ತೆಗೆದು ಒರೆಸಿದರು. ಮಾತಿನ ಹಾದಿ ಅವರಿಗೆ ಹೊಳೆದಿತ್ತು. "ಬೇರೆ ಆದಾಯವೇ ಇಲ್ಲದವರಿಗೆ."

"ಹಾಗಾದ್ರೆ ಪೂರ್ತಿ ಈ ಹುಡುಗಿ ಹೆಸರಿಗೆ ಬರೀರಿ. ತೆರಿಗೆ ಉಳಿದ್ರೆ ಸಾಕು ಅಂತ ಇವನೇ ಹೇಳಿದ್ದಾನೆ. ಪೆನ್ ಕೊಡಿ ಇಲ್ಲಿ."

ತಮ್ಮ ಇಂಗು ತಿಂದ ಮಂಗನಂತಾದ. ಅಕ್ಕ ನಿಜವಾಗಿಯೂ ಕೈ ಚಾಚಿದ್ದಳು. ಅವಳು ಹೆದರಿಸುವುದಕ್ಕೆ ಕೈ ಚಾಚುವವಳಲ್ಲ ಎಂದು ಚಿಕ್ಕಂದಿನಿಂದ ಏಟು ತಿಂದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕುರ್ಚಿಯಿಂದ ದಡಕ್ಕನೆ ಎದ್ದ.

"ಬೇಡ! ತೆರಿಗೆ ಹೋದ್ರೆ ಹೋಗ್ಲಿ. ಮೊದಲಿನ ಹಾಗೇ ಕಟ್ಟು. ಎಷ್ಟಾದ್ರೂ ಕಟ್ಟು!"

"ಸಾರ್, ಕೇಳಿಸ್ಕೊಂಡ್ರಲ್ಲ. ಈ ಹುಡುಗಿ ಹೆಸರಿನ ಕಾಗದ ಟೈಪ್ ಮಾಡಿಟ್ಟಿರಿ. ಇವನು ಮತ್ತೆ ತೆರಿಗೆ ಅಂತ ಬಾಯಿ ತೆಗೆದ ದಿನ ಬಂದು ಸಹಿ ಹಾಕ್ತೀನಿ."

ತಮ್ಮ ಯಾರ ಮುಖವನ್ನೂ ನೋಡದೆ ಹೊರಟುಹೋದ. ಅಕ್ಕನೂ ಹುಡುಗಿಯೂ ಕೆಳಗಿಳಿದು ಕಾರಿನಲ್ಲಿ ಕೂತರು. ಗೆದ್ದ ಖುಷಿ ಅಕ್ಕನಿಗೆ ಬರಲಿಲ್ಲ. ಪೆನ್ನಿಗೆ ಕೈ ಚಾಚಿದಾಗ, ಆಗಲಿ ಅಕ್ಕ, ಮಗಳಿಗೇ ಇರಲಿ ಎಂದು ತಮ್ಮ ಅಂದಾನೇನೋ ಎಂಬ ಹುಚ್ಚು ಆಸೆಯೊಂದು ಅವಳಿಗಿತ್ತು. ಈ ಮಗು ಅದನ್ನೆಲ್ಲ ಕೂತು ಕೇಳಬೇಕಾಯಿತಲ್ಲ ಎಂದುಕೊಳ್ಳುತ್ತ ಪಕ್ಕಕ್ಕೆ ತಿರುಗಿದಳು.

ಹುಡುಗಿ ಅಳುತ್ತಿರಲಿಲ್ಲ. ಕಣ್ಣು ಮಾತ್ರ ಕೆಂಪಗಿತ್ತು.

"ಅತ್ತೆ, ತೆರಿಗೆಯವರಿಗೆ ಕೊಟ್ರೂ ಪರವಾಗಿಲ್ಲ, ನನಗೆ ಬೇಡ ಅಂದ್ರಲ್ಲ ಅಪ್ಪ."

ಅಕ್ಕ ಸೀಟ್ ಬೆಲ್ಟ್ ಹಾಕಿಕೊಂಡಳು.

"ಇನ್ನು ಕೋರ್ಸ್ ಬಿಡೋ ಮಾತೇ ಇಲ್ಲ" ಎಂದಳು ಹುಡುಗಿ. "ಗಾಡಿ ತೆಗೀರಿ. ಮಧ್ಯಾಹ್ನದ ಕ್ಲಾಸ್ ಇದೆ."