ಮಾವ ಕುಡಿದಿರಲಿಲ್ಲ

ಮಚ್ಚು ಮೊದಲ ಸಲ ತಪ್ಪಿದ್ದು ಮಾವನ ಎಡಗೈ ಹೆಬ್ಬೆರಳ ಮೇಲೆ. ನಂಜನಗೂಡಿನ ಸ್ನಾನಘಟ್ಟದ ದಾರಿಯಲ್ಲಿ ನಮ್ಮದು ಎಳನೀರಿನ ಗಾಡಿ. ಬೆರಳಿನ ತುದಿ ಹಾರಿ ಗಿರಾಕಿಯ ಕಾಲ ಬಳಿ ಬಿತ್ತು. ಕೆತ್ತಿದ ಕಾಯಿಯೊಳಗಿನ ನೀರು ಕೆಂಪಾಯಿತು.

"ಬೆಳಗ್ಗೆ ಬೆಳಗ್ಗೇನೇ ಏರ್ಸವ್ನೆ ಕಣ್ಲಾ" ಎಂದು ಯಾರೋ ನಕ್ಕರು.

ಮಾವ ಕುಡಿಯುತ್ತಿರಲಿಲ್ಲ.

ಮಾವ ಎಂದರೆ ನನ್ನ ಗಂಡ, ಅವ್ವನ ಕಿರಿಯ ತಮ್ಮ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ವಾಡಿಕೆ. ಚಿಕ್ಕಂದಿನಿಂದ ಕರೆದ ಹೆಸರು ಮದುವೆಯಾದ ಮೇಲೂ ಹಾಗೇ ಉಳಿಯಿತು. ಅವ್ವ ಹರೆಯದಲ್ಲೇ, ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಮಗೆ ಮಕ್ಕಳಾಗಲಿಲ್ಲ.

ಸುಮ್ಮನೆ ಕೂತಾಗಲೂ ಮಾವನ ಬೆರಳುಗಳು ಹಾರ್ಮೋನಿಯಂ ನುಡಿಸುವಂತೆ ಕುಣಿಯತೊಡಗಿದವು. ನಡಿಗೆ ತೂರಾಡಿತು. ಆಮೇಲೆ ಸಿಟ್ಟು. ಉಪ್ಪು ಕಡಿಮೆಯೆಂದು ತಟ್ಟೆ ಬೀಸಿದರು. ಬಾಗಿಲು ತೆಗೆಯಲು ತಡವಾಯಿತೆಂದು ಕೂದಲು ಹಿಡಿದು ನನ್ನ ತಲೆಯನ್ನು ಗೋಡೆಗೆ ಗುದ್ದಿದರು. ಹೊಡೆದ ಮೇಲೆ ಮೂಲೆಯಲ್ಲಿ ಕೂತು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ನಾ ಒಡೀಲಿಲ್ಲ ಕಣವ್ವ. ಕೈ ಒಡೀತು."

ಮಚ್ಚನ್ನು ಅಕ್ಕಿ ಡ್ರಮ್ಮಿನ ತಳದಲ್ಲಿ ಹೂತಿಟ್ಟೆ. ಆದ್ದರಿಂದ ಆ ದಿನ ಅವರ ಕೈಗೆ ಸಿಕ್ಕಿದ್ದು ಮಣೆ.

ನನ್ನ ದವಡೆ ಮುರಿಯಿತು.

ಸದ್ದು ಕೇಳಿ ಓಡಿಬಂದ ದೊಡ್ಡಮಾವ, ಅಂದರೆ ಇವರ ಅಣ್ಣ, ತಮ್ಮನನ್ನು ಹಗ್ಗದಿಂದ ಲೈಟುಕಂಬಕ್ಕೆ ಬಿಗಿದು ಹುಣಸೆ ಬರಲಿನಿಂದ ಬಾರಿಸಿದರು. "ಅಪ್ಪನ್ ಚಾಳಿ ಇವನ್ಗೂ ಬಂದದೆ. ಇವತ್ತು ಇಳಿಸ್ತೀನಿ." ಅಂಗಿ ಹರಿದು ಚರ್ಮ ಸುಲಿಯಿತು. ನನಗೆ ತಾತ, ಅಂದರೆ ಇವರ ಅಪ್ಪ, ನೆನಪಾದರು. ಟಿ. ನರಸೀಪುರದಲ್ಲಿ ಅವರನ್ನೂ ತೂರಾಡುವ ಕುಡುಕನೆಂದು ಹೀಗೇ ಕಟ್ಟಿ ಹೊಡೆಯುತ್ತಿದ್ದರು. ಕೊನೆಗೆ ಹೊಳೆಯ ದಡದಲ್ಲಿ ಕಾಲು ತಪ್ಪಿ ಬಿದ್ದು ಹೆಣವಾಗಿ ಬಂದರು. ಬಾಯಿ ತೆರೆಯಲಾಗದೆ ನಾನು ದೊಡ್ಡಮಾವನ ಕಾಲು ಹಿಡಿದುಕೊಂಡೆ.

ನನ್ನ ದವಡೆಗೆ ತಂತಿ ಹಾಕಿಸಿದ ಆಸ್ಪತ್ರೆಯಲ್ಲಿ ಯುವ ಡಾಕ್ಟರೊಬ್ಬರು, ಪಕ್ಕದಲ್ಲಿ ಕೂತಿದ್ದ ಮಾವನ ಬೆರಳುಗಳನ್ನೇ ನೋಡುತ್ತಿದ್ದರು.

"ಇವರ ತಂದೇನೂ ಹೀಗೇ ನಡೀತಿದ್ರಾ?"

ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಓದುವ ಕಾಲದಲ್ಲಿ ಅವರಿಗೆ ಜೆನೆಟಿಕ್ಸ್ ಸಂಶೋಧಕಿಯೊಬ್ಬರ ಲೇಖನ ಸಿಕ್ಕಿತ್ತಂತೆ. ಕುಡುಕರೆಂದು ಆಸ್ಪತ್ರೆಗೆ ಸೇರಿಸಿದ ಕೆಲವರಿಗೆ ಇದ್ದದ್ದು ಅಪ್ಪ ಅಮ್ಮಂದಿರಿಂದ ಬಂದ ಮೆದುಳಿನ ಕಾಯಿಲೆ ಎಂದು ಆಕೆ ಅದರಲ್ಲಿ ತೋರಿಸಿದ್ದರು. ಮಾವನ ಬ್ಲಡ್ ಟೆಸ್ಟ್ ಆಯಿತು. ಕೈಕಾಲು ತಾವೇ ಕುಣಿಯುವ, ಸಿಟ್ಟು ಕೆರಳಿಸುವ ಆ ಕಾಯಿಲೆಯ ಹೆಸರು ಹಂಟಿಂಗ್ಟನ್ಸ್ ಡಿಸೀಸ್.

"ಗುಣ ಆಗಲ್ಲಮ್ಮ. ಸಿಟ್ಟು ತಗ್ಗಿಸೋಕೆ ಮಾತ್ರೆ ಇದೆ."

ಆಮೇಲೆ, ಡಾಕ್ಟರು ತಿಳಿಸಿದ್ದರಿಂದ, ಆ ಸಂಶೋಧಕಿಯೇ ಮನೆಗೆ ಬಂದರು. ಚೌಕವೆಂದರೆ ಗಂಡಸು, ಸೊನ್ನೆಯೆಂದರೆ ಹೆಂಗಸು ಎಂದು ಹೇಳುತ್ತ ನಮ್ಮ ಮನೆತನವನ್ನು ಹಾಳೆಯ ಮೇಲೆ ಬರೆದರು. ನನ್ನ ಮತ್ತು ಮಾವನ ನಡುವೆ ಎರಡು ಗೆರೆ ಎಳೆದರು.

"ಎಲ್ರಿಗೂ ಒಂದು ಗೆರೆ, ನಮಗ್ಯಾಕ್ ಎರಡು ಮೇಡಂ?"

"ಸಂಬಂಧದೊಳಗೆ ಮದುವೆ ಆದವರಿಗೆ ಹಾಗೆ. ನಿಮ್ಮ ತಾಯಿ ಆರೋಗ್ಯ ಹೇಗಿತ್ತು?"

"ಚಿಕ್ ವಯಸ್ಸಲ್ಲೇ ಸತ್ತೋದ್ಲು."

ಪೆನ್ನು ನಿಂತಿತು.

ತಾತನಿಂದ ಅವ್ವನಿಗೆ, ಅವ್ವನಿಂದ ನನಗೆ ಇಳಿದಿರಬಹುದು. ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸಿಗೆ ಅವ್ವ ಬದುಕಿಯೇ ಇರಲಿಲ್ಲ. ತಿಳಿದುಕೊಳ್ಳುವುದು ಬಿಡುವುದು ನಿಮ್ಮ ಇಷ್ಟ ಎಂದರು ಮೇಡಂ. ನನಗೂ ಬಂದರೆ ಮಾವನಿಗೆ ಉಣಿಸುವವರು ಯಾರು? ರಕ್ತ ಕೊಟ್ಟೆ. ಕಾಯುವ ದಿನಗಳಲ್ಲಿ ಲೋಟ ಜಾರಿದರೂ ಬೆರಳುಗಳನ್ನು ಚಾಚಿ ನೋಡಿಕೊಳ್ಳುತ್ತಿದ್ದೆ. ಬೆರಳು ನಡುಗಿತೇ, ಇಲ್ಲ ಬರೀ ಒದ್ದೆಯಾಗಿತ್ತೇ?

"ನಿಮಗಿಲ್ಲ" ಎಂದರು ಮೇಡಂ.

ನಾನು ಅಳಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ.

ಮೇಡಂ ತಮ್ಮ ಹೊಸ ಲೇಖನವನ್ನು, ಅಚ್ಚಿಗೆ ಹೋಗುವ ಮೊದಲು, ಕನ್ನಡದಲ್ಲಿ ಹೇಳುತ್ತ ನನಗೆ ಓದಿದರು. ಹೆಸರಿಲ್ಲದೆ ನಾವಿದ್ದೆವು. ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಒಂದೇ ಪದದಲ್ಲಿತ್ತು: ಆಕ್ರಮಣಶೀಲತೆ. ಮಣೆ ಇರಲಿಲ್ಲ, ಹಗ್ಗ ಇರಲಿಲ್ಲ.

"ಇವ್ರು ಕುಡ್ದಿರ್ಲಿಲ್ಲ, ಕುಡ್ದವ್ರೆ ಅಂತ ಕಟ್ಟಾಕಿ ಒಡುದ್ರು ಅಂತ ಬರೀರಿ ಮೇಡಂ."

ಬರೆದರು. ಈಗ ನರಸೀಪುರದ ಕಡೆ ಕುಡಿತ ಬಿಡಿಸಲು ಕರೆತಂದವರ ಅಪ್ಪ ಅಮ್ಮನ ಬಗ್ಗೆಯೂ ಕೆಲವು ಡಾಕ್ಟರುಗಳು ವಿಚಾರಿಸುತ್ತಾರಂತೆ. ದೊಡ್ಡಮಾವ ರಕ್ತ ಕೊಟ್ಟಿಲ್ಲ. ಆದರೆ ದಿನಾ ಬಂದು ತಮ್ಮನಿಗೆ ಸ್ನಾನ ಮಾಡಿಸುತ್ತಾರೆ. ಬೆನ್ನಿನ ಕಲೆಗಳ ಮೇಲೆ ಸೋಪನ್ನು ಅಂಗೈಯಿಂದ ಮೆಲ್ಲಗೆ ಹಚ್ಚುತ್ತಾರೆ.

ಈ ಬೆಳಗ್ಗೆ ರಾಗಿ ಅಂಬಲಿ ಕುಡಿಸುತ್ತಿದ್ದೆ. ಮಾವನ ಕೈ ಬೀಸಿ ಬಂತು. ಬಿಸಿ ಅಂಬಲಿ ನನ್ನ ಕುತ್ತಿಗೆಯ ಮೇಲೆ ಚೆಲ್ಲಿತು.

"ಕೈ... ಕಣವ್ವ."

"ಗೊತ್ತು ಮಾವ."

ಇನ್ನೊಂದು ಬಟ್ಟಲು ತುಂಬಿಕೊಂಡು ಬಂದೆ. ಚಮಚ ಅಲುಗದೆ ಅವರ ಬಾಯಿಯವರೆಗೆ ಹೋಯಿತು.