ಬಾಣಂತನಕ್ಕೆ ಹದಿನೆಂಟು ಟ್ರೇ ಲಸಾನಿಯಾ

ಕೋಲಸಿರ್ಸಿಗೆ ಬಂದ ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜಿಕೊಂಡು ಒಳಗೆ ಬಂದರೆ ನಮ್ಮ ಅಡುಗೆಮನೆಯಲ್ಲಿ ಯಾರೋ ಹೆಂಗಸು ನಿಂತಿದ್ದರು. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ, ಬಗ್ಗಿ, ಮೂಸಿ ನೋಡುತ್ತಿದ್ದರು. ನಾನು ಬೆಚ್ಚಿಬಿದ್ದೆ. ಅವರು ಬೀಳಲಿಲ್ಲ. "ಎಂತ ಅಡುಗೆ ಇವತ್ತು?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಮುಚ್ಚಳ ಮುಚ್ಚಿ, "ಉಪ್ಪು ಕಮ್ಮಿ ಕಾಣ್ತದೆ" ಎಂದು ಹಿಂಬಾಗಿಲಿನಿಂದ ಹೋದರು. ಅವರೇ ನಮ್ಮ ಮನೆಯೊಡತಿ ಬಂಗಾರಮ್ಮ. ಅವರ ಮನೆಯ ಪಕ್ಕದ ಎರಡು ಕೋಣೆ ನಮಗೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಗೆ ಕೊಟ್ಟರೆ ಬಾಗಿಲೂ ನಮ್ಮದೇ ಎಂಬುದು ನಾನು ಬೆಂಗಳೂರಿನಿಂದ ತಂದಿದ್ದ ನಂಬಿಕೆ.

ನಮ್ಮೂರು ಕೋಲಾರದ ಕಡೆಯ ಓದುಗರಿಗೆ ನಾನಿಲ್ಲಿಗೆ ಹೇಗೆ ಬಂದೆ ಎಂದು ಹೇಳಬೇಕು. ನಾನು ಅಡುಗೆಯವನು. ಬೆಂಗಳೂರಿನ ಒಂದು ಇಟಾಲಿಯನ್ ಹೋಟೆಲಿನಲ್ಲಿ ಹನ್ನೆರಡು ವರ್ಷ ದುಡಿದೆ. ಹೋಟೆಲು ಮುಚ್ಚಿದ ವರ್ಷವೇ ಹೆಂಡತಿ ಶೋಭಾಳಿಗೆ ಸಿದ್ದಾಪುರ ತಾಲ್ಲೂಕಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಗ್ಯಾಸಿನ ಓವನ್ನು, ಆಳುದ್ದದ ಡೀಪ್ ಫ್ರೀಜರು, ಹಿಟ್ಟು ಲಟ್ಟಿಸುವ ಯಂತ್ರ ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಅವಳ ಹಿಂದೆ ಬಂದೆ. ವಾರದ ಕೊನೆಗೆ ಹೆಗ್ಗರಣೆಯ ಬಳಿ ಜಲಪಾತ ನೋಡಲು ಬರುವವರಿಗೆ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುತ್ತೇನೆ. ಉಳಿದ ದಿನ ಮನೆಯಲ್ಲಿರುತ್ತೇನೆ. ಇಲ್ಲಿ ಶಾಲೆಯ ಟೀಚರನ್ನು "ಅಕ್ಕೋರು" ಅನ್ನುತ್ತಾರೆ. ಹಾಗಾಗಿ ಮೊದಲ ಒಂದು ವರ್ಷ ನನಗೆ ಹೆಸರೇ ಇರಲಿಲ್ಲ, ನಾನು ಅಕ್ಕೋರ ಯಜಮಾನ್ರು. ಹೆಂಡತಿ ದುಡಿಯಲು ಹೋದರೆ ಬಟ್ಟೆ ಒಣಹಾಕುವ ಯಜಮಾನನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂತವರು ನೋಡುವ ರೀತಿ ಕೋಲಾರದಲ್ಲೂ ಒಂದೇ, ಇಲ್ಲೂ ಒಂದೇ.

ಬೇರೆಯಾದದ್ದು ಬಹಳ ಇತ್ತು. ನಮ್ಮಲ್ಲಿ ಮನೆಗೆ ಬಂದವರಿಗೆ "ಕಾಫಿ ಕುಡೀತೀರಾ" ಎಂದು ಕೇಳಿದರೆ ಇಲ್ಲಿ "ಆಸರಿಗೆ ಎಂತ ಬೇಕು" ಅನ್ನುತ್ತಾರೆ. ಬಾಯಾರಿಕೆಗೆ ಏನು ಕೊಡಲಿ ಎಂದು ಅರ್ಥ. ಗೊತ್ತಿಲ್ಲದೆ ನಾನು ಏನೂ ಬೇಡ ಅನ್ನುತ್ತಿದ್ದೆ, ಅವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ಆರು ತಿಂಗಳು ಬೇಕಾಯಿತು. ಕೋಲಾರದಲ್ಲಿ ಮೋಡ ಕಂಡರೆ ಹೊರಗೆ ಓಡಿ ಬರುತ್ತೇವೆ. ಇಲ್ಲಿ ಬಿಸಿಲು ಕಂಡರೆ ಓಡಿ ಬರುತ್ತಾರೆ, ಕೈಯಲ್ಲಿ ಹಪ್ಪಳದ ಚಾಪೆ ಹಿಡಿದು. ಇದಕ್ಕೆಲ್ಲ ಹೊಂದಿಕೊಂಡೆ. ಯಾರ ಹತ್ತಿರವೂ ಏನೂ ಕೇಳದೆ ಇರಬೇಕು ಎಂಬ ನನ್ನ ಹಟ ಮಾತ್ರ ಹಾಗೇ ಇತ್ತು. ಹೊಸ ಊರಿನಲ್ಲಿ ಕೈ ಚಾಚಿದರೆ ಹಗುರವಾಗುತ್ತೇವೆ ಎಂದುಕೊಂಡಿದ್ದೆ.

ಈ ಹಟ ಪರೀಕ್ಷೆಗೆ ಬಂದದ್ದು ಶೋಭಾ ಬಸುರಿಯಾದಾಗ. ಅವಳಿಗೆ ತಾಯಿಯಿಲ್ಲ. ತಾಯಿಯ ಅಕ್ಕ, ಕೋಲಾರದ ದೊಡ್ಡಮ್ಮ, ಏಳನೇ ತಿಂಗಳಲ್ಲೇ ಫೋನು ಮಾಡಿ ಕಳಿಸಿಕೊಡು ಎಂದರು. ಶೋಭಾಳಿಗೆ ಹೋಗಲು ಮನಸ್ಸಿರಲಿಲ್ಲ. ಐದು ತಿಂಗಳು ಅಲ್ಲಿ, ನಾನಿಲ್ಲಿ, ಮಗು ಕವುಚಿಕೊಳ್ಳುವುದನ್ನೂ ನಾನು ಫೋನಿನಲ್ಲಿ ನೋಡಬೇಕು. "ನಾನಿಲ್ಲೇ ಇರ್ತೀನಿ. ಆದ್ರೆ ಬಾಣಂತನ ನಿನ್ನ ಕೈಲಾಗುತ್ತಾ ಹೇಳು" ಎಂದಳು. ಆಗುತ್ತೆ ಎಂದೆ. ದೊಡ್ಡಮ್ಮನಿಗೂ ಅದನ್ನೇ ಹೇಳಿದೆ.

"ಗಂಡಸು ಬಾಣಂತನ ಮಾಡಿದ್ದು ನಾನಂತೂ ಕೇಳಿಲ್ಲಪ್ಪ. ತಿಂಗಳು ತುಂಬಿದ ಮೇಲೆ ಬರ್ತೀನಿ ನೋಡೋಕೆ. ಸರಿ ಇಲ್ಲ ಅಂದ್ರೆ ಇಬ್ರನ್ನೂ ಕರ್ಕೊಂಡು ಹೋಗೋದೇ" ಎಂದು ಅವರು ಫೋನಿಟ್ಟರು.

ಆ ಒಂದು ತಿಂಗಳಿಗೆ ನಾನು ಮಾಡಿದ ಏರ್ಪಾಟೇ ಲಸಾನಿಯಾ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೈದಾ, ಮೊಟ್ಟೆ ಕಲಸಿ ಲಟ್ಟಿಸಿದ ಅಗಲ ಹಾಳೆಗಳು, ನಡುನಡುವೆ ಟೊಮೆಟೊದಲ್ಲಿ ಹೊತ್ತುಗಟ್ಟಲೆ ಕುದಿಸಿದ ಕೋಳಿ ಖೀಮಾ, ಬೆಣ್ಣೆ ಹಾಲು ಕಾಯಿಸಿ ಮಾಡಿದ ಬಿಳಿ ಸಾಸು, ಮೇಲೆ ಚೀಸು. ಪದರದ ಮೇಲೆ ಪದರ. ಫ್ರೀಜರಿಗೆ ಇಡುವುದಾದರೆ ಕ್ರಮವೇ ಬೇರೆ. ಹಾಳೆಯನ್ನು ಅರ್ಧ ಮಾತ್ರ ಬೇಯಿಸಬೇಕು. ಸಾಸು ಎಂದಿಗಿಂತ ಒಂದಿಷ್ಟು ತೆಳ್ಳಗಿರಬೇಕು, ಮುಂದೆ ಬೇಯುವಾಗ ಹಾಳೆ ಅದನ್ನು ಕುಡಿಯುತ್ತದೆ. ಎಲ್ಲ ಪೂರ್ತಿ ತಣಿಯುವ ತನಕ ಪದರ ಕಟ್ಟಬಾರದು. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಮಂಜುಗಟ್ಟಿ ಹಾಳೆ ನೀರಾಗುತ್ತದೆ. ಇಷ್ಟು ಮಾಡಿಟ್ಟರೆ ಬೇಕಾದ ದಿನ ತೆಗೆದು ಓವನ್ನಿಗೆ ಇಡುವುದಷ್ಟೇ ಕೆಲಸ. ಒಂದು ವಾರ ಕೂತು ಹದಿನೆಂಟು ಟ್ರೇ ಮಾಡಿದೆ. ಶೋಭಾ ಸೋಮವಾರ ಮಾಂಸ ಮುಟ್ಟುವುದಿಲ್ಲವೆಂದು ನಾಲ್ಕು ಟ್ರೇ ಹರಿವೆ ಸೊಪ್ಪಿನದು. ಫ್ರೀಜರಿನ ಮುಚ್ಚಳ ಹಾಕಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾರನೇ ದಿನ ಬಂಗಾರಮ್ಮ ಆ ಮುಚ್ಚಳವನ್ನೂ ಎತ್ತಿದರು.

"ಎಂತದಿದು ಇಷ್ಟೊಂದು?"

ವಿವರಿಸಿದೆ. ಅವರು ಒಂದು ಟ್ರೇಯ ಮೇಲೆ ಬೆರಳಿಟ್ಟು, ಚಳಿಗೆ ಹಿಂದೆಳೆದುಕೊಂಡರು.

"ಇದನ್ನ ಬಾಣಂತಿಗೆ ಕೊಡ್ತ್ರಿ?"

"ಬಿಸಿ ಮಾಡಿ ಕೊಡ್ತೀನಮ್ಮ. ಹೊಗೆ ಆಡ್ತಿರುತ್ತೆ."

"ಬಿಸಿ ಮಾಡಿದ್ದು ಬೇರೆ, ಬಿಸಿ ಅಡುಗೆ ಬೇರೆ" ಎಂದು ಅವರು ಮುಚ್ಚಳ ಹಾಕಿದರು. ಬಾಗಿಲ ಹತ್ತಿರ ನಿಂತು, "ನಾವು ಅಷ್ಟೆಲ್ಲ ಜನ ಇದ್ದೇವಲ್ಲ ಇಲ್ಲಿ" ಅಂದರು. ಹನ್ನೆರಡು ವರ್ಷದ ಕೈಕಸುಬಿಗೆ ಅವಮಾನವಾಯಿತು ಎಂದು ಅವತ್ತೆಲ್ಲ ಉರಿದುಕೊಂಡೆ. ಅವಮಾನ ಅವರಿಗೂ ಆಗಿರಬಹುದು ಎಂಬುದು ತಲೆಗೆ ಹೋಗಲಿಲ್ಲ.

ಜುಲೈ ನಡುವಿಗೆ ಶಿರಸಿಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಚೆನ್ನಾಗಿದ್ದರು. ಅದೇ ದಿನ ಗಾಳಿಗೆ ಕೋಲಸಿರ್ಸಿಯ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಬಂಗಾರಮ್ಮನಿಗೆ ಫೋನು ಮಾಡಿ, "ಯಾವ ಕಾರಣಕ್ಕೂ ಮುಚ್ಚಳ ತೆಗೀಬೇಡಿ" ಎಂದು ಕೈಮುಗಿದು ಕೇಳಿಕೊಂಡೆ. ಆ ಮನುಷ್ಯೆ ಜನ್ಮದಲ್ಲಿ ಮೊದಲ ಸಲ ಒಂದು ಮುಚ್ಚಳವನ್ನು ಮುಟ್ಟದೆ ಬಿಟ್ಟಿದ್ದು ಅದೇ ಇರಬೇಕು. ತುಂಬಿದ ಫ್ರೀಜರು ಎರಡು ದಿನ ತಡೆಯುತ್ತದೆ. ಮೂರನೇ ಬೆಳಿಗ್ಗೆ ಅವರೇ ಫೋನು ಮಾಡಿದರು.

"ಪೆಟ್ಟಿಗೆ ಬುಡದಲ್ಲಿ ನೀರು ಇಳೀತಾ ಅದೆ. ಎಂತ ಮಾಡಲಿ?"

ಕರಗಿದ ಖೀಮಾವನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಕರೆಂಟು ಬಂದರೂ ಉಪಯೋಗವಿಲ್ಲ. ಶೋಭಾಳ ಶಾಲೆಯ ಇನ್ನೊಬ್ಬ ಅಕ್ಕೋರು ಕಾನಸೂರಿನಿಂದ ಬಂದು ಅವಳ ಬಳಿ ಕೂತರು, ನಾನು ಬೈಕು ಹತ್ತಿ ಓಡಿ ಬಂದೆ. ಟ್ರೇಗಳ ನಡುಭಾಗ ಇನ್ನೂ ತಣ್ಣಗಿತ್ತು, ಅಂಚು ಮೆತ್ತಗಾಗಿತ್ತು. ಅಂದರೆ ಎಲ್ಲವನ್ನೂ ಅವತ್ತೇ ಬೇಯಿಸಬೇಕು, ಅವತ್ತೇ ತಿನ್ನಬೇಕು. ತಿನ್ನುವವರು ಯಾರು? ಬಂಗಾರಮ್ಮನ ಗದ್ದೆಯಲ್ಲಿ ಅವತ್ತು ನೆಟ್ಟಿ ನಡೆದಿತ್ತು, ನಮ್ಮ ಕಡೆಯ ನಾಟಿ. ಒಬ್ಬರ ಗದ್ದೆಗೆ ಊರಿನ ಹೆಂಗಸರೆಲ್ಲ ಸೇರಿ ನೆಡುವುದು, ನಾಳೆ ಇನ್ನೊಬ್ಬರ ಗದ್ದೆಗೆ. ಅವತ್ತು ಇಪ್ಪತ್ತು ಜನ ಇದ್ದರು.

ಗ್ಯಾಸಿನ ಓವನ್ನಿಗೆ ನಾಲ್ಕು ನಾಲ್ಕರಂತೆ ಇಟ್ಟು ಮಧ್ಯಾಹ್ನದ ಹೊತ್ತಿಗೆ ಹದಿನೆಂಟೂ ಬೇಯಿಸಿದೆ. ಬುಟ್ಟಿಯಲ್ಲಿ ಹೊತ್ತು ಗದ್ದೆಯ ಅಂಚಿಗೆ ತಂದೆ. ಕೆಸರು ತೊಳೆದುಕೊಂಡು ಬಂದು ಎಲ್ಲರೂ ಬಾಳೆಲೆ ಹಿಡಿದು ಕೂತರು. ಶನಿವಾರವಾದ್ದರಿಂದ ಕೋಳಿ ತಿನ್ನದ ಮೂವರಿಗೆ ಹರಿವೆಯದು ಸಿಕ್ಕಿತು.

"ಪತ್ರೊಡೆ ಹಾಂಗೇ ಅದೆ."

"ಪತ್ರೊಡೆಗೆ ಖಾರ ಇರ್ತದೆ ಮಾರಾಯ್ತಿ."

"ಒಂಚೂರು ಮಿಡಿ ಉಪ್ಪಿನಕಾಯಿ ಇದ್ರೆ ಚಲೋ ಆಗ್ತಿತ್ತು" ಎಂದು ಒಬ್ಬರು ಗಂಟು ಬಿಚ್ಚಿ ಉಪ್ಪಿನಕಾಯಿ ತೆಗೆದೇ ಬಿಟ್ಟರು. ನನ್ನ ಹಳೆಯ ಹೋಟೆಲಿನ ಮುಖ್ಯ ಅಡುಗೆಯವರು ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಆದರೆ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಖಾಲಿ ಟ್ರೇಗಳನ್ನು ಒಂದರೊಳಗೊಂದು ಇಡುತ್ತಾ ಎಣಿಸಿದೆ, ಹದಿನೆಂಟು. ಒಂದು ತಿಂಗಳು ಇಟ್ಟುಕೊಂಡು ತಿನ್ನಬೇಕಾದದ್ದು ಅರ್ಧ ಗಂಟೆಯಲ್ಲಿ ಮುಗಿದಿತ್ತು. ಶೋಭಾಳಿಗೆಂದು ಮಾಡಿದ್ದು, ಅವಳು ಒಂದು ತುತ್ತೂ ತಿನ್ನಲಿಲ್ಲ. ಅಷ್ಟು ಜನ ಹೆಂಗಸರ ಮುಂದೆ ನಾನು ಅತ್ತೆ.

ಯಾರೂ ನಗಲಿಲ್ಲ. ಬಂಗಾರಮ್ಮ ಬಂದು ಪಕ್ಕದಲ್ಲಿ ಕೂತು, "ಎಷ್ಟು ದಿನಕ್ಕೆ ಮಾಡಿದ್ದೆ ತಮಾ?" ಎಂದು ಕೇಳಿದರು. ತಮ್ಮ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

"ಒಂದು ತಿಂಗಳಿಗೆ."

"ಅಡುಗೆ ನೀನೇ ಮಾಡು, ದಿನಾ. ಎಂತ ಮಾಡೂದು ಅಂತ ನಾ ಹೇಳ್ತೆ." ಆಮೇಲೆ ಹಿಂತಿರುಗಿ, "ಕನ್ನಮ್ಮಾ, ಕೂಸಿಗೆ ಮೀಸೂಕೆ ನೀ ಬತ್ಯನ?" ಎಂದರು. ಮೀಸುವುದು ಎಂದರೆ ಸ್ನಾನ ಮಾಡಿಸುವುದು.

ಉಪ್ಪಿನಕಾಯಿ ತೆಗೆದಿದ್ದ ಹೆಂಗಸೇ ಕನ್ನಮ್ಮ. "ಬತ್ತೆ. ಕೇಳ್ತ್ರೇನೋ ಅಂತ ಎರಡು ತಿಂಗಳಿಂದ ಕಾಯ್ತಾ ಇದ್ದೆ" ಅಂದರು. ಆ ಮಾತು ನನಗೆ ಚುಚ್ಚಿತು.

ಆಮೇಲಿನ ಒಂದು ತಿಂಗಳು ನಾನು ಅಡುಗೆಯನ್ನು ಹೊಸದಾಗಿ ಕಲಿತೆ. ಕಾಳುಮೆಣಸು, ಜೀರಿಗೆ ಹುರಿದು, ಬೆಳ್ಳುಳ್ಳಿ ಜಜ್ಜಿ, ತುಪ್ಪದ ಒಗ್ಗರಣೆಯ ಸಾರು. ಬೆಳಿಗ್ಗೆಯದು ಮಧ್ಯಾಹ್ನಕ್ಕಿಲ್ಲ, ಮಧ್ಯಾಹ್ನದ್ದು ಸಂಜೆಗಿಲ್ಲ. ಬಂಗಾರಮ್ಮ ಪಾತ್ರೆಗೆ ಕೈ ಹಾಕದೆ ಬಾಗಿಲಲ್ಲಿ ನಿಂತು ಹುಕುಂ ಮಾಡುತ್ತಿದ್ದರು. ನೆಟ್ಟ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಟ್ಟೆ ಒಗೆದು, ಮಗುವಿಗೆ ದೃಷ್ಟಿ ತೆಗೆದು, ಹೊರಟು ಹೋಗುತ್ತಿದ್ದರು. ನಮ್ಮ ಮನೆಯ ಬಾಗಿಲು ಹಾಕಿದ್ದೇ ನೆನಪಿಲ್ಲ. ಕನ್ನಮ್ಮ ದಿನಾ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುವಾಗ ಅದು ಮೊದಲು ಊರೊಂದಾಗುವ ಹಾಗೆ ಕಿರುಚಿ, ಆಮೇಲೆ ಅಲ್ಲೇ ನಿದ್ದೆಗೆ ಜಾರುತ್ತಿತ್ತು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಈ ಒಂದು ಕೆಲಸವನ್ನು ನನ್ನಿಂದ ಯಾವ ಫ್ರೀಜರಿನಲ್ಲೂ ಮುಂಚೆ ಮಾಡಿಡಲು ಆಗುತ್ತಿರಲಿಲ್ಲ.

ತಿಂಗಳು ತುಂಬಿತು. ಹೇಳಿದ ಹಾಗೆ ದೊಡ್ಡಮ್ಮ ಮಗನ ಕಾರಿನಲ್ಲಿ ಬಂದರು. ಮಗುವನ್ನು ಎತ್ತಿ ತೂಗಿ ನೋಡಿದರು, ಶೋಭಾಳ ಕಣ್ಣ ರೆಪ್ಪೆ ಎಳೆದು ನೋಡಿದರು, ಸಾರಿನ ರುಚಿ ನೋಡಿದರು. ತಪ್ಪು ಹುಡುಕಲು ಬಂದವರಿಗೆ ಏನೂ ಸಿಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಅವರು ಶೋಭಾಳ ಪಕ್ಕ ಕೂತು ಮೆಲ್ಲಗೆ ಮಾತಾಡುತ್ತಿದ್ದರು. "ಚೆನ್ನಾಗಿ ನೋಡ್ಕೊಂಡವ್ರೆ, ಬಿಡು. ಹಂಗಾದ್ರೆ ನೀನು ಬರಲ್ಲ. ಸರಿ. ರಾಗಿ ಹುರಿಹಿಟ್ಟು ಮಾಡಿಟ್ಟಿದ್ದೆ. ಅಂಟಿನುಂಡೆ ಎರಡು ಡಬ್ಬ. ನಿಮ್ಮಮ್ಮನ ಹಳೇ ಸೀರೆ ಎಲ್ಲಾ ಹರಿದು ಒಗೆದು ಮಡಿಸಿ ಇಟ್ಟಿದ್ದೆ ಮಗೀಗೆ ಅಂತ. ಏನು ಮಾಡ್ಲಿ ಈಗ ಅವನ್ನೆಲ್ಲ?"

ಅವರು ದೂರುತ್ತಿರಲಿಲ್ಲ. ನಿಜವಾಗಿ ಏನು ಮಾಡಬೇಕೆಂದು ಗೊತ್ತಾಗದೆ ಕೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ನಿಂತುಬಿಟ್ಟೆ. ಒಬ್ಬರಿಗೆಂದು ಮುಂಚೆಯೇ ಮಾಡಿಟ್ಟು, ಅವರು ತಿನ್ನದೆ ಹೋದರೆ ಹೇಗಿರುತ್ತದೆ ಎಂದು ಗದ್ದೆಯ ಅಂಚಿನಲ್ಲಿ ನಾನು ತಿಳಿದುಕೊಂಡಿದ್ದೆ. ನನ್ನ ಟ್ರೇಗಳನ್ನು ತಿನ್ನಲು ಇಪ್ಪತ್ತು ಜನವಾದರೂ ಇದ್ದರು.

ಶೋಭಾ ನನ್ನ ಮುಖ ನೋಡಿದಳು. "ನೀನೇ ಹೇಳು" ಎಂದಳು.

"ಹೋಗಿ ಬಾ" ಎಂದೆ. ಹೇಳಿದ ಮರುಕ್ಷಣವೇ ಬೇಡ ಅನ್ನಬೇಕೆನಿಸಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೊಡ್ಡಮ್ಮ ಎದ್ದು ಮಗುವಿನ ಬಟ್ಟೆ ಮಡಿಸತೊಡಗಿದರು. ದಾರಿಯಲ್ಲಿ ಎರಡು ಕಡೆ ಉಳಿದುಕೊಂಡು ನಿಧಾನವಾಗಿ ಹೋಗುವುದೆಂದು ಆಯಿತು. ಬೆಳಕು ಹರಿಯುತ್ತಲೇ ಕಾರು ಹೊರಟಿತು. ಬಂಗಾರಮ್ಮ ಎದ್ದು ಬಂದು ಮಗುವಿನ ಕೆನ್ನೆ ಮುಟ್ಟಿ ಒಳಗೆ ಹೋದರು.

ಎಂದಿನ ಹೊತ್ತಿಗೆ ಕನ್ನಮ್ಮ ಎಣ್ಣೆಬಟ್ಟಲು ಹಿಡಿದು ಬಂದರು. ಅವರಿಗೆ ಹೇಳಿ ಕಳಿಸುವುದನ್ನು ನಾನು ಮರೆತಿದ್ದೆ.

"ಕೂಸು ಎಲ್ಲಿ?"

ಹೇಳಿದೆ. ಅವರು ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಕೂತರು.

"ನಮ್ಮ ಹತ್ರ ಒಂದು ಮಾತು ಕೇಳಬೇಕು ಅಂತ ಕಾಣ್ಲಿಲ್ಲನ ತಮಾ?"

ಒಂದು ಮನೆಯವರ ಮನಸ್ಸು ಉಳಿಸಲು ಹೋಗಿ ಇನ್ನೊಂದು ಮನೆಯವರನ್ನು ಕೇಳದೆ ಮಗುವನ್ನು ಕಳಿಸಿದ್ದೆ. ಎರಡು ವರ್ಷದ ಹಿಂದೆ ಈ ಊರಿನಲ್ಲಿ ನಾನು ಯಾರನ್ನು ಕಳಿಸಿದರೂ ಕೇಳುವವರು ಇರಲಿಲ್ಲ. ತಪ್ಪಾಯಿತು ಎಂದೆ. ಅವರು ಬಚ್ಚಲ ಕಡೆ ನೋಡಿದರು. ಬಂಗಾರಮ್ಮ ಅಭ್ಯಾಸಬಲದಿಂದ ಅವತ್ತೂ ಹಂಡೆಯ ಕೆಳಗೆ ಬೆಂಕಿ ಹಾಕಿದ್ದರು.

"ನೀರು ಕಾದು ಕೂತದೆ" ಅಂದರು ಕನ್ನಮ್ಮ. "ನೀನಾದ್ರೂ ಮೀಯು, ಹೋಗು."

ನಾನು ಹೋಗಿ ಮಿಂದೆ. ಮಗುವಿಗೆಂದು ಕಾಯಿಸಿದ ನೀರನ್ನು ಹದ ಮಾಡಿಕೊಳ್ಳದೆ ಹಾಗೇ ಹುಯ್ದುಕೊಂಡೆ. ಹೊರಗೆ ಮೆಟ್ಟಿಲ ಮೇಲೆ ಕನ್ನಮ್ಮ, ಬಂಗಾರಮ್ಮ ಇಬ್ಬರೂ ಕೂತು, ಕೂಸು ವಾಪಸು ಬರುವಷ್ಟರಲ್ಲಿ ನೆಟ್ಟ ಗದ್ದೆ ಕೊಯ್ಲಿಗೆ ಬಂದಿರುತ್ತದೆ ಎಂದು ಮಾತಾಡುತ್ತಿದ್ದರು.